ಮೊನಾಕೊದ ಬೀದಿಗಳಲ್ಲಿ ಮೋಟಾರು ಪಂದ್ಯ

ವೇಗವೇ ಜೀವಾಳವಾಗಿರುವ ಕ್ರೀಡೆಯೊಂದರಲ್ಲಿ ಎಲ್ಲಕ್ಕಿಂತ ಹೆಚ್ಚಿನ ಪ್ರತಿಷ್ಠೆಯು ಎಲ್ಲಕ್ಕಿಂತ ನಿಧಾನವಾದ ಪಥಕ್ಕೆ ಸಲ್ಲುತ್ತದೆಂದರೆ ಮೊದಲಿಗೆ ನಂಬುವುದು ಕಷ್ಟ. ಮೋಟಾರು ಪಂದ್ಯಗಳ ಜಗತ್ತಿನಲ್ಲಿ ಸಂಗತಿ ಇರುವುದು ಹೀಗೆಯೇ. ಇಟಲಿಯ ಮೊಂಜಾ ಪಥದಲ್ಲಿ ೨೦೨೫ರ ಅರ್ಹತಾ ಓಟದ ದಿನ ಮ್ಯಾಕ್ಸ್ ವರ್ಸ್ಟಾಪೆನ್ ಎಂಬ ಚಾಲಕನು ಒಂದು ಸುತ್ತನ್ನು ಗಂಟೆಗೆ ೨೬೪ ಕಿಲೋಮೀಟರಿಗೂ ಮಿಕ್ಕ ಸರಾಸರಿ ವೇಗದಲ್ಲಿ ಮುಗಿಸಿದನು. ಅದೇ ವರ್ಷ ಮೊನಾಕೊದಲ್ಲಿ ಲ್ಯಾಂಡೊ ನಾರಿಸ್ ಎಂಬಾತನು ೧ ನಿಮಿಷ ೯.೯೫೪ ಸೆಕೆಂಡಿನಲ್ಲಿ ಒಂದು ಸುತ್ತು ಹಾಕಿ ಆ ಪಥದ ಹಿಂದಿನ ದಾಖಲೆಗಳನ್ನೆಲ್ಲ ಮುರಿದನು. ಆದರೂ ಅವನ ಸರಾಸರಿ ವೇಗ ಗಂಟೆಗೆ ಸುಮಾರು ೧೭೨ ಕಿಲೋಮೀಟರು ಮಾತ್ರ. ಎರಡೂ ಕಡೆ ಓಡಿದ ಕಾರುಗಳು ಒಂದೇ ವರ್ಗದವು. ಚಾಲಕರೂ ಒಂದೇ ಮಟ್ಟದವರು. ಹಾಗಾದರೆ ಈ ವ್ಯತ್ಯಾಸವೇಕೆ? ಇಷ್ಟು ನಿಧಾನವಾದ ಪಥವನ್ನು ಚಾಲಕರು ಅತ್ಯಂತ ಕಠಿನವೆಂದು ಭಾವಿಸುವುದಾದರೂ ಏಕೆ?

ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಮೊನಾಕೊದಲ್ಲಿ ತಪ್ಪಿಗೆ ಎಡೆಯಿಲ್ಲ. ಪಂದ್ಯಕ್ಕೆಂದೇ ಕಟ್ಟಿದ ಪಥದಲ್ಲಿ ಚಾಲಕನು ತಿರುವಿನಲ್ಲಿ ಎಡವಿದರೆ ಹೊರಗೆ ಹುಲ್ಲು, ಜಲ್ಲಿ ಅಥವಾ ವಿಶಾಲವಾದ ಟಾರು ನೆಲವಿರುತ್ತದೆ. ಕೆಲವು ಸೆಕೆಂಡುಗಳನ್ನು ಕಳೆದುಕೊಂಡು ಅವನು ಮರಳಿ ಬರಬಲ್ಲನು. ಊರಿನ ಬೀದಿಯಲ್ಲಾದರೋ ರಸ್ತೆಯ ಅಂಚು ಮುಗಿದಲ್ಲಿಯೇ ಉಕ್ಕಿನ ತಡೆಬೇಲಿ ನಿಂತಿರುತ್ತದೆ. ಈ ಒಂದು ಸಂಗತಿಯು ಯಂತ್ರದ ರಚನೆ, ಚಾಲಕನ ಮನಸ್ಸು, ಪಂದ್ಯದ ಫಲಿತಾಂಶ ಇವೆಲ್ಲವನ್ನೂ ಹೇಗೆ ಮಾರ್ಪಡಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಪಂದ್ಯದ ಹುಟ್ಟು

ಮೊನಾಕೊ ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ಫ್ರಾನ್ಸಿನ ಮಗ್ಗುಲಲ್ಲಿರುವ ಪುಟ್ಟ ರಾಜ್ಯ. ಅದರ ವಿಸ್ತೀರ್ಣ ಸುಮಾರು ಎರಡು ಚದರ ಕಿಲೋಮೀಟರು. ಒಂದು ಕಡೆ ಕಡಿದಾದ ಬೆಟ್ಟ, ಇನ್ನೊಂದು ಕಡೆ ಬಂದರು. ನಡುವೆ ಒತ್ತೊತ್ತಾಗಿ ಕಟ್ಟಿದ ಊರು. ಅಲ್ಲಿನ ಮೋಟಾರು ಸಂಘವು ರಾಷ್ಟ್ರೀಯ ಸಂಘವೆಂಬ ಮನ್ನಣೆಯನ್ನು ಕೋರಿದಾಗ ಅಂತರರಾಷ್ಟ್ರೀಯ ಸಂಸ್ಥೆಯು ಒಪ್ಪಲಿಲ್ಲ. ಆ ಸಂಘವು ನಡೆಸುತ್ತಿದ್ದ ಮಾಂಟೆ ಕಾರ್ಲೊ ರ್‍ಯಾಲಿಯು ಬಹುಪಾಲು ಇತರ ದೇಶಗಳ ರಸ್ತೆಗಳಲ್ಲಿ ಸಾಗುತ್ತಿತ್ತು. ಸ್ವಂತ ನೆಲದಲ್ಲಿ ಒಂದು ಪಂದ್ಯ ನಡೆಯಬೇಕೆಂಬುದು ಆಕ್ಷೇಪದ ಸಾರ. ಆಂತೋನಿ ನೊಗೆಸ್ ಎಂಬಾತನು ಇದನ್ನೇ ಸವಾಲಾಗಿ ತೆಗೆದುಕೊಂಡನು. ಬಯಲೇ ಇಲ್ಲದ ನಾಡಿನಲ್ಲಿ ಪಥವನ್ನು ಕಟ್ಟುವುದು ಅಸಾಧ್ಯವಾದ್ದರಿಂದ ಇರುವ ಬೀದಿಗಳನ್ನೇ ಪಥವನ್ನಾಗಿ ಆರಿಸಿದನು.

ಮೊದಲ ಪಂದ್ಯ ನಡೆದದ್ದು ೧೯೨೯ರ ಏಪ್ರಿಲ್ ೧೪ರಂದು. ನೂರು ಸುತ್ತುಗಳ ಆ ಓಟದಲ್ಲಿ ಗೆದ್ದವನು ಹಸಿರು ಬಣ್ಣದ ಬುಗಾಟಿ ಕಾರನ್ನು ನಡೆಸಿದ ವಿಲಿಯಂ ಗ್ರೋವರ್ ವಿಲಿಯಮ್ಸ್. ಅವನ ಸರಾಸರಿ ವೇಗ ಗಂಟೆಗೆ ಸುಮಾರು ೮೦ ಕಿಲೋಮೀಟರು. ಓಟ ಮುಗಿಯಲು ಹಿಡಿದ ಕಾಲ ನಾಲ್ಕು ಗಂಟೆಗಳಿಗೆ ಸ್ವಲ್ಪ ಕಡಮೆ. ಅವನ ಕಾರಿನ ಎಂಜಿನ್ನು ೨.೩ ಲೀಟರಿನದು. ಅವನೊಡನೆ ಸೆಣಸಿದ ರುಡಾಲ್ಫ್ ಕರಾಚಿಯೋಲನ ಮರ್ಸಿಡಿಸ್ ಕಾರಿನ ಎಂಜಿನ್ನು ೭ ಲೀಟರಿಗೂ ದೊಡ್ಡದು. ಆದರೂ ಕರಾಚಿಯೋಲನಿಗೆ ದೊರೆತದ್ದು ಮೂರನೆಯ ಸ್ಥಾನ. ಎಂಜಿನ್ನಿನ ಗಾತ್ರವೊಂದೇ ಇಲ್ಲಿ ಗೆಲುವನ್ನು ತರಲಾರದು ಎಂಬ ಪಾಠ ಮೊದಲ ದಿನವೇ ಕಾಣಿಸಿಕೊಂಡಿತು.

ಒಂದು ಸುತ್ತು

ಇಂದಿನ ಪಥದ ಉದ್ದ ೩.೩೩೭ ಕಿಲೋಮೀಟರು, ತಿರುವುಗಳು ೧೯. ಪಂದ್ಯದಲ್ಲಿ ಇದನ್ನು ೭೮ ಬಾರಿ ಸುತ್ತಬೇಕು. ಬೇರೆ ಕಡೆ ಫಾರ್ಮುಲಾ ಒನ್ ಪಂದ್ಯಗಳ ಒಟ್ಟು ದೂರ ೩೦೫ ಕಿಲೋಮೀಟರಿಗೆ ಕಡಮೆಯಿರಬಾರದೆಂಬ ನಿಯಮವುಂಟು. ಮೊನಾಕೊಗೆ ಮಾತ್ರ ವಿನಾಯಿತಿ ಕೊಟ್ಟು ೨೬೦ ಕಿಲೋಮೀಟರಿಗೆ ಇಳಿಸಿದ್ದಾರೆ. ವೇಗ ಕಡಮೆಯಾದ್ದರಿಂದ ಇಷ್ಟು ದೂರಕ್ಕೇ ಬೇರೆಡೆಯಷ್ಟು ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಬಂದರಿನ ಸಮೀಪದಿಂದ ಹೊರಟ ಕಾರು ಮೊದಲಿಗೆ ಸೇಂಟ್ ದೆವೋತ್ ಎಂಬ ಬಲತಿರುವನ್ನು ಮುಟ್ಟುತ್ತದೆ. ಮೊನಾಕೊದ ರಕ್ಷಕ ಸಂತಳ ಇಗರ್ಜಿ ಅಲ್ಲಿರುವುದರಿಂದ ಈ ಹೆಸರು. ಅಲ್ಲಿಂದ ಕಡಿದಾದ ಏರು. ಪಥದ ಅತ್ಯಂತ ತಗ್ಗಿನ ಮತ್ತು ಅತ್ಯಂತ ಎತ್ತರದ ಸ್ಥಳಗಳ ನಡುವಣ ಅಂತರ ೪೨ ಮೀಟರು, ಎಂದರೆ ಸುಮಾರು ಹದಿನಾಲ್ಕು ಅಂತಸ್ತಿನ ಕಟ್ಟಡದಷ್ಟು. ಏರಿನ ತುದಿಯಲ್ಲಿ ಮಸ್ಸನೆ ಎಂಬ ಎಡತಿರುವು. ಒಡನೆಯೇ ಪ್ರಸಿದ್ಧವಾದ ಜೂಜುಮನೆಯ ಚೌಕ. ಅದನ್ನು ದಾಟಿ ಇಳಿಜಾರಿನಲ್ಲಿ ಸಾಗುವಾಗ ರಸ್ತೆಯಲ್ಲಿ ಒಂದು ಉಬ್ಬಿದೆ. ಚಾಲಕರು ಅದನ್ನು ತಪ್ಪಿಸಲು ನೇರ ಹಾದಿಯನ್ನು ಬಿಟ್ಟು ಬದಿಗೆ ಸರಿಯುತ್ತಾರೆ. ಬಳಿಕ ಮಿರಾಬೊ ತಿರುವು. ಅದರ ಕೆಳಗೆ ಈ ಪಂದ್ಯಾವಳಿಯಲ್ಲಿಯೇ ಅತ್ಯಂತ ನಿಧಾನವಾದ ಹೇರ್‌ಪಿನ್ ತಿರುವು. ಘಟ್ಟದ ದಾರಿಯಲ್ಲಿ ಬಸ್ಸು ಹಿಂದುಮುಂದಾಗಿ ತಿರುಗುವ ಮೂಲೆಗಳನ್ನು ಕಂಡ ನಮ್ಮ ವಾಚಕರಿಗೆ ಇದರ ಆಕಾರವನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಕಾರಿನ ವೇಗ ಗಂಟೆಗೆ ೫೦ ಕಿಲೋಮೀಟರಿನ ಆಸುಪಾಸಿಗೆ ಇಳಿಯುತ್ತದೆ.

ಇನ್ನೆರಡು ಬಲತಿರುವುಗಳಾದ ಮೇಲೆ ಕಾರು ಸಮುದ್ರದ ಬದಿಯ ಸುರಂಗವನ್ನು ಹೊಗುತ್ತದೆ. ಸುರಂಗವೂ ನೇರವಾಗಿಲ್ಲ, ಬಲಕ್ಕೆ ಬಾಗಿದೆ. ಅದರ ಹೊರಬಾಗಿಲಿನ ಆಚೆಯ ಇಳಿಜಾರಿನಲ್ಲಿ ವೇಗ ಗಂಟೆಗೆ ೨೯೦ ಕಿಲೋಮೀಟರಿನವರೆಗೆ ಏರುತ್ತದೆ. ಅಲ್ಲಿಯೇ ಬ್ರೇಕು ಹಾಕಿ, ವೇಗವನ್ನು ಮೂರನೆಯ ಒಂದು ಭಾಗದ ಹತ್ತಿರಕ್ಕೆ ಇಳಿಸಿ, ಎಡಕ್ಕೂ ಬಲಕ್ಕೂ ಹೊರಳುವ ಇಕ್ಕಟ್ಟಾದ ಜೋಡಿತಿರುವಿಗೆ ಇಳಿಯಬೇಕು. ಅನಂತರ ತಬಾಕ್ ಮೂಲೆ, ಈಜುಕೊಳದ ಬದಿಯ ನಾಲ್ಕು ತಿರುವುಗಳು, ರಾಸ್ಕಾಸ್ ಮೂಲೆ, ಕಡೆಯದಾಗಿ ಪಂದ್ಯದ ಸ್ಥಾಪಕನ ಹೆಸರನ್ನೇ ಹೊತ್ತ ತಿರುವು. ಅಲ್ಲಿಗೆ ಒಂದು ಸುತ್ತು ಮುಗಿಯಿತು. ಇಡೀ ಪಥದಲ್ಲಿ ಚಾಲಕನು ಕೈಯನ್ನು ಸಡಿಲಿಸಿ ಉಸಿರೆಳೆದುಕೊಳ್ಳಬಹುದಾದ ಉದ್ದನೆಯ ನೇರ ದಾರಿ ಒಂದೂ ಇಲ್ಲ.

ಬೀದಿಯ ಮೈ

ಪಂದ್ಯಪಥದ ಮೇಲ್ಮೈಯನ್ನು ಟೈರಿನ ಹಿಡಿತಕ್ಕೆ ಅನುಗುಣವಾಗಿ ಹಾಸಿರುತ್ತಾರೆ. ಬೀದಿಯಾದರೋ ವರ್ಷದ ಹೆಚ್ಚಿನ ದಿನಗಳಲ್ಲಿ ಬಸ್ಸು, ಲಾರಿ, ಸಾಮಾನ್ಯ ಕಾರುಗಳಿಗೆ ಸೇರಿದ್ದು. ಅವುಗಳ ಚಕ್ರಗಳು ಟಾರಿನಲ್ಲಿರುವ ಕಲ್ಲುಗಳನ್ನು ಉಜ್ಜಿ ನುಣುಪಾಗಿಸುತ್ತವೆ. ಎಣ್ಣೆಯ ಹನಿಗಳೂ ಧೂಳೂ ಅದರ ಮೇಲೆ ಕೂರುತ್ತವೆ. ಮಳೆಯ ನೀರು ಹರಿದುಹೋಗಲೆಂದು ರಸ್ತೆಯ ನಡುಭಾಗವನ್ನು ಎತ್ತರಿಸಿರುವುದುಂಟು. ಪಾದಚಾರಿಗಳು ದಾಟುವಲ್ಲಿ ಬಳಿದ ಬಿಳಿಯ ಪಟ್ಟೆಗಳು ಒದ್ದೆಯಾದಾಗ ಗಾಜಿನಂತೆ ಜಾರುತ್ತವೆ.

ಹೀಗಾಗಿ ಪಂದ್ಯದ ವಾರದ ಮೊದಲ ದಿನ ಹಿಡಿತ ಅತ್ಯಲ್ಪವಾಗಿರುತ್ತದೆ. ಕಾರುಗಳು ಓಡುತ್ತ ಓಡುತ್ತ ಅವುಗಳ ಮೃದುವಾದ ಟೈರಿನ ರಬ್ಬರು ನೆಲಕ್ಕೆ ಮೆತ್ತಿಕೊಳ್ಳುತ್ತದೆ. ರಬ್ಬರಿನ ಮೇಲೆ ರಬ್ಬರು ಚೆನ್ನಾಗಿ ಹಿಡಿಯುವುದರಿಂದ ದಿನದಿಂದ ದಿನಕ್ಕೆ ಸುತ್ತಿನ ಕಾಲ ಇಳಿಯುತ್ತ ಹೋಗುತ್ತದೆ. ಆದರೆ ಮೊನಾಕೊದಲ್ಲಿ ಸಂಜೆಯಾದೊಡನೆ ಬೀದಿಗಳನ್ನು ಊರಿನ ಜನರಿಗೆ ಬಿಟ್ಟುಕೊಡುವ ಪದ್ಧತಿಯಿರುವುದರಿಂದ, ಹಗಲು ಗಳಿಸಿದ ಹಿಡಿತದಲ್ಲಿ ಒಂದಿಷ್ಟು ರಾತ್ರಿ ಕಳೆದುಹೋಗುತ್ತದೆ. ರಬ್ಬರು ಮೆತ್ತಿದ ಒಂದು ಪಟ್ಟಿಯಷ್ಟೇ ನಂಬಿಕೆಗೆ ಅರ್ಹ. ಅದರಿಂದ ಒಂದೆರಡು ಅಡಿ ಹೊರಗೆ ಸರಿದರೂ ಚಕ್ರದ ಕೆಳಗೆ ಧೂಳು ಮತ್ತು ರಬ್ಬರಿನ ಪುಡಿ.

ಬೀದಿಗೆ ಮಾತ್ರ ವಿಶಿಷ್ಟವಾದ ಇನ್ನೊಂದು ಅಪಾಯವಿದೆ. ಚರಂಡಿ ಮತ್ತು ನೀರಿನ ಕೊಳವೆಗಳ ಲೋಹದ ಮುಚ್ಚಳಗಳು ರಸ್ತೆಯಲ್ಲಿ ಅಲ್ಲಲ್ಲಿ ಇರುತ್ತವೆ. ಈ ಕಾರುಗಳ ತಳವನ್ನು ರೂಪಿಸಿರುವ ಬಗೆಯಿಂದಾಗಿ ತಳಕ್ಕೂ ನೆಲಕ್ಕೂ ನಡುವೆ ಗಾಳಿ ಅತಿ ವೇಗದಿಂದ ಹರಿಯುತ್ತದೆ. ಗಾಳಿಯ ವೇಗ ಹೆಚ್ಚಿದಲ್ಲಿ ಒತ್ತಡ ಕಡಮೆಯಾಗುವುದು ಭೌತಶಾಸ್ತ್ರದ ನಿಯಮ. ಈ ಕಡಮೆ ಒತ್ತಡವು ಕಾರನ್ನು ನೆಲಕ್ಕೆ ಸೆಳೆಯುವಂತೆಯೇ ಸಡಿಲವಾದ ಮುಚ್ಚಳವನ್ನು ಮೇಲಕ್ಕೆ ಎಳೆಯುತ್ತದೆ. ಆದುದರಿಂದ ಪಂದ್ಯಕ್ಕೆ ಮುನ್ನ ಅವುಗಳನ್ನು ಬೆಸುಗೆ ಹಾಕಿ ಭದ್ರಪಡಿಸುತ್ತಾರೆ. ಇಷ್ಟಾದರೂ ಮೊನಾಕೊದಲ್ಲಿ ೨೦೧೬ರ ಅಭ್ಯಾಸದ ವೇಳೆ ಜೆನ್ಸನ್ ಬಟನ್ನನ ಕಾರೂ, ೨೦೧೯ರಲ್ಲಿ ಬಾಕು ನಗರದ ಬೀದಿಯಲ್ಲಿ ಜಾರ್ಜ್ ರಸೆಲ್ಲನ ಕಾರೂ, ೨೦೨೩ರಲ್ಲಿ ಲಾಸ್ ವೆಗಸ್ಸಿನಲ್ಲಿ ಕಾರ್ಲೋಸ್ ಸೈಂಜನ ಕಾರೂ ಇಂಥ ಮುಚ್ಚಳಗಳಿಂದ ಜಖಂಗೊಂಡವು.

ಟೈರಿನ ಗಂಟು

ಕಾರು ಮುಂದೆ ನುಗ್ಗುವುದು, ನಿಲ್ಲುವುದು, ತಿರುಗುವುದು ಎಲ್ಲವೂ ನಾಲ್ಕು ಟೈರುಗಳು ನೆಲವನ್ನು ಮುಟ್ಟುವ ಅಂಗೈಯಗಲದ ತಾಣಗಳಿಂದ ನಡೆಯಬೇಕು. ಪ್ರತಿಯೊಂದು ಟೈರಿನ ಹಿಡಿತವನ್ನೂ ಒಂದು ಗಂಟಿನಲ್ಲಿ ಕಟ್ಟಿಟ್ಟ ಹಣವೆಂದು ಭಾವಿಸಬಹುದು. ಪೂರ್ತಿಯನ್ನೂ ಬ್ರೇಕಿಗೆ ವೆಚ್ಚ ಮಾಡಿದರೆ ತಿರುಗಲು ಏನೂ ಉಳಿಯುವುದಿಲ್ಲ. ತಿರುವಿಗೆ ಪೂರ್ತಿ ಕೊಟ್ಟರೆ ವೇಗ ಹೆಚ್ಚಿಸಲು ಕಾಸಿಲ್ಲ. ನಿಪುಣನಾದ ಚಾಲಕನು ತಿರುವಿನ ಬಾಯಿಯಲ್ಲಿ ಬ್ರೇಕನ್ನು ಕ್ರಮಕ್ರಮವಾಗಿ ಸಡಿಲಿಸುತ್ತ, ಉಳಿದಷ್ಟನ್ನು ತಿರುಗುವುದಕ್ಕೆ ಕೊಡುತ್ತ, ಕಡೆಗೆ ಅದನ್ನು ವೇಗವರ್ಧನೆಗೆ ವರ್ಗಾಯಿಸುತ್ತಾನೆ. ಗಂಟಿನಲ್ಲಿರುವುದಕ್ಕಿಂತ ಹೆಚ್ಚು ವೆಚ್ಚ ಮಾಡಿದ ಕ್ಷಣ ಟೈರು ಜಾರುತ್ತದೆ. ಮೊನಾಕೊದಲ್ಲಿ ಹತ್ತೊಂಬತ್ತು ತಿರುವುಗಳು ಒಂದರ ಬೆನ್ನಿಗೆ ಒಂದರಂತೆ ಬರುವುದರಿಂದ ಈ ಲೆಕ್ಕಾಚಾರಕ್ಕೆ ಬಿಡುವೇ ಇಲ್ಲ.

ತಿರುವಿನಲ್ಲಿ ಬೇಕಾಗುವ ಬಲವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಹೇರ್‌ಪಿನ್ನಿನಲ್ಲಿ ಕಾರು ಗಂಟೆಗೆ ೪೮ ಕಿಲೋಮೀಟರು ವೇಗದಲ್ಲಿ, ಎಂದರೆ ಸೆಕೆಂಡಿಗೆ ೧೩ ಮೀಟರಿಗೂ ಸ್ವಲ್ಪ ಹೆಚ್ಚಿನ ವೇಗದಲ್ಲಿ, ೧೦ ಮೀಟರು ತ್ರಿಜ್ಯದ ಬಾಗನ್ನು ಹಿಡಿದು ತಿರುಗುತ್ತದೆಂದು ಇಟ್ಟುಕೊಳ್ಳೋಣ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ, ಕಾರನ್ನು ಬಾಗಿನ ಒಳಕ್ಕೆ ಎಳೆದು ಹಿಡಿಯಲು ಅದರ ತೂಕದ ಸುಮಾರು ಒಂದೂಮುಕ್ಕಾಲು ಪಟ್ಟು ಬಲ ಬೇಕೆಂದು ತಿಳಿಯುತ್ತದೆ. ವೇಗ ಇಮ್ಮಡಿಯಾದರೆ ಬೇಕಾಗುವ ಬಲ ಇಮ್ಮಡಿಯಲ್ಲ, ನಾಲ್ಮಡಿ. ಇಕ್ಕಟ್ಟಾದ ಬೀದಿಯಲ್ಲಿ ಬಾಗಿನ ತ್ರಿಜ್ಯ ಕಿರಿದಾಗಿರುವುದರಿಂದಲೇ ವೇಗವನ್ನು ಇಳಿಸದೆ ಗತ್ಯಂತರವಿಲ್ಲ.

ಇಲ್ಲಿ ಇನ್ನೊಂದು ತೊಡಕುಂಟು. ಈ ಕಾರುಗಳ ಹಿಂದೆ ಮುಂದೆ ಇರುವ ರೆಕ್ಕೆಗಳು ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿದಂತೆ ಕೆಲಸ ಮಾಡಿ ಕಾರನ್ನು ನೆಲಕ್ಕೆ ಅದುಮುತ್ತವೆ. ಆ ಅದುಮುವ ಬಲವೂ ವೇಗದ ವರ್ಗವನ್ನೇ ಅನುಸರಿಸುತ್ತದೆ. ಗಂಟೆಗೆ ೨೪೦ ಕಿಲೋಮೀಟರಿನಲ್ಲಿ ದೊರೆಯುವ ಸಹಾಯದ ಇಪ್ಪತ್ತೈದನೆಯ ಒಂದು ಭಾಗ ಮಾತ್ರ ೪೮ ಕಿಲೋಮೀಟರಿನಲ್ಲಿ ದೊರೆಯುತ್ತದೆ. ನಿಧಾನದ ತಿರುವುಗಳಲ್ಲಿ ರೆಕ್ಕೆಗಳು ಹೆಸರಿಗಷ್ಟೇ; ಹಿಡಿತಕ್ಕೆ ರಬ್ಬರೊಂದೇ ಗತಿ. ಆದರೂ ಮೊನಾಕೊಗೆ ಅತ್ಯಂತ ದೊಡ್ಡ ರೆಕ್ಕೆಗಳನ್ನೇ ಜೋಡಿಸುತ್ತಾರೆ. ದೊಡ್ಡ ರೆಕ್ಕೆಯಿಂದ ಗಾಳಿಯ ತಡೆ ಹೆಚ್ಚಾಗಿ ನೇರ ದಾರಿಯಲ್ಲಿ ವೇಗ ಕುಂದುವುದು ನಿಜ. ಆದರೆ ನೇರ ದಾರಿಯೇ ಇಲ್ಲದ ಊರಿನಲ್ಲಿ ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ.

ಯಂತ್ರದ ಇತರ ಭಾಗಗಳನ್ನೂ ಈ ಬೀದಿಗೆ ಒಗ್ಗಿಸಬೇಕಾಗುತ್ತದೆ. ಉಬ್ಬುತಗ್ಗುಗಳ ಮೇಲೆ ಚಕ್ರ ನೆಲವನ್ನು ಬಿಡದಂತೆ ಸ್ಪ್ರಿಂಗುಗಳನ್ನು ಮೃದುವಾಗಿಸುತ್ತಾರೆ. ತಳವು ನೆಲಕ್ಕೆ ತಾಗದಂತೆ ಕಾರನ್ನು ತುಸು ಎತ್ತರಿಸುತ್ತಾರೆ. ಹೇರ್‌ಪಿನ್ನಿನಲ್ಲಿ ಮುಂದಿನ ಚಕ್ರಗಳು ಬೇರೆಲ್ಲಿಯೂ ಬೇಡದಷ್ಟು ಹೊರಳಬೇಕಾದ್ದರಿಂದ ಸ್ಟೀಯರಿಂಗಿನ ಜೋಡಣೆಯನ್ನೇ ಬದಲಾಯಿಸುತ್ತಾರೆ. ನಿಧಾನದ ಓಟದಲ್ಲಿ ಬೀಸುವ ಗಾಳಿ ಕಡಮೆಯಾದ್ದರಿಂದ ಎಂಜಿನ್ನನ್ನೂ ಬ್ರೇಕನ್ನೂ ತಣಿಸುವುದು ಒಂದು ಚಿಂತೆ. ಬ್ರೇಕಿನ ಹೊರೆಯನ್ನು ಸುರಂಗದ ಆಚೆಯ ಜೋಡಿತಿರುವಿನಲ್ಲಿ ಕಾಣಬಹುದು. ಚಲನೆಯ ಶಕ್ತಿಯೂ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೇಗವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸುವುದೆಂದರೆ ಒಂಬತ್ತು ಪಾಲು ಶಕ್ತಿಯಲ್ಲಿ ಎಂಟು ಪಾಲನ್ನು ಕೆಲವೇ ಕ್ಷಣಗಳಲ್ಲಿ ಕಳೆಯುವುದು ಎಂದರ್ಥ. ಈಗಿನ ಕಾರುಗಳು ಅದರಲ್ಲಿ ಒಂದಂಶವನ್ನು ವಿದ್ಯುತ್ತಾಗಿಸಿ ಬ್ಯಾಟರಿಯಲ್ಲಿ ಕೂಡಿಡುತ್ತವೆ. ಉಳಿದುದರಲ್ಲಿ ಬಹುಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ.

ಚಾಲಕನ ಕಣ್ಣು ಮತ್ತು ನೆನಪು

ಒಂದು ದೃಶ್ಯವನ್ನು ಕಂಡು, ಅದನ್ನು ಅರಿತು, ಕೈಕಾಲುಗಳನ್ನು ಆಡಿಸಲು ಚುರುಕಾದ ಮನುಷ್ಯನಿಗೂ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಗಂಟೆಗೆ ೧೬೦ ಕಿಲೋಮೀಟರು ವೇಗದಲ್ಲಿರುವ ಕಾರು ಅಷ್ಟರಲ್ಲಿ ಸುಮಾರು ೯ ಮೀಟರು ಮುಂದೆ ಹೋಗಿರುತ್ತದೆ. ತಡೆಬೇಲಿ ಇರುವುದು ಅದಕ್ಕಿಂತ ಬಹಳ ಹತ್ತಿರದಲ್ಲಿ. ಎಂದರೆ ಕಂಡ ಮೇಲೆ ತಿದ್ದಿಕೊಳ್ಳುವ ಅವಕಾಶವೇ ಇಲ್ಲ. ಕಾಣುವ ಮೊದಲೇ ತಿಳಿದಿರಬೇಕು. ಪಥದ ಅನೇಕ ತಿರುವುಗಳ ಆಚೆಯ ಭಾಗವು ಬೇಲಿಯಿಂದ ಮರೆಯಾಗಿರುವುದರಿಂದ ಚಾಲಕನು ನೆನಪಿನ ನಕಾಶೆಯನ್ನು ನಂಬಿಯೇ ಓಡಿಸುತ್ತಾನೆ. ಸುರಂಗದಲ್ಲಿ ಕಣ್ಣಿಗೆ ಬೇರೆ ಬಗೆಯ ಪರೀಕ್ಷೆ. ಬಿಸಿಲಿನಿಂದ ನೆರಳಿಗೂ ನೆರಳಿನಿಂದ ಬಿಸಿಲಿಗೂ ಕಣ್ಣು ಹೊಂದಿಕೊಳ್ಳಲು ಕಾಲ ಬೇಕು. ಪಥದ ಅತ್ಯಧಿಕ ವೇಗ ಬರುವುದು ಅದೇ ಘಟ್ಟದಲ್ಲಿ.

ಗೆಲ್ಲಬೇಕಾದವನು ಬೇಲಿಯಿಂದ ದೂರವಿರುವಂತಿಲ್ಲ. ತಿರುವನ್ನು ಆದಷ್ಟು ಅಗಲವಾದ ಬಾಗಾಗಿ ಮಾಡಿಕೊಂಡರೆ ತ್ರಿಜ್ಯ ಹಿಗ್ಗಿ ವೇಗ ಏರುತ್ತದೆ. ಅದಕ್ಕೆ ರಸ್ತೆಯ ಕೊನೆಯ ಅಂಗುಲವನ್ನೂ ಬಳಸಬೇಕು. ಆದುದರಿಂದ ಇಲ್ಲಿ ಬೇಲಿಗೆ ಹತ್ತಿರವಾದಷ್ಟೂ ಲಾಭ, ತಾಗಿದರೆ ಸರ್ವನಾಶ.

ಇದಕ್ಕೆ ೧೯೮೮ರ ಪಂದ್ಯ ಪ್ರಸಿದ್ಧವಾದ ನಿದರ್ಶನ. ಬ್ರೆಜಿಲಿನ ಆಯರ್ಟನ್ ಸೆನ್ನಾ ಅರ್ಹತಾ ಓಟದಲ್ಲಿ, ತನ್ನದೇ ತಂಡದ, ತನ್ನಂಥದೇ ಕಾರನ್ನು ಓಡಿಸುತ್ತಿದ್ದ ಅಲೈನ್ ಪ್ರಾಸ್ಟನಿಗಿಂತ ೧.೪ ಸೆಕೆಂಡು ಕಡಮೆ ಕಾಲದಲ್ಲಿ ಸುತ್ತನ್ನು ಮುಗಿಸಿದನು. ಸೆಕೆಂಡಿನ ನೂರನೆಯ ಭಾಗಕ್ಕಾಗಿ ಹೋರಾಡುವ ಕ್ರೀಡೆಯಲ್ಲಿ ಇದು ಬೆರಗುಗೊಳಿಸುವ ಅಂತರ. ಪಂದ್ಯದ ದಿನವೂ ಅವನು ಬಹಳ ಮುಂದಿದ್ದನು. ಕೊನೆಗೆ ಕೇವಲ ಹನ್ನೆರಡು ಸುತ್ತುಗಳಷ್ಟು ಉಳಿದಿದ್ದಾಗ, ಬೆನ್ನಟ್ಟುವವರ ಭಯವೇ ಇಲ್ಲದ ಸ್ಥಿತಿಯಲ್ಲಿ, ಸುರಂಗಕ್ಕೆ ಮುಂಚಿನ ಪೋರ್ತಿಯೆ ತಿರುವಿನಲ್ಲಿ ಬೇಲಿಗೆ ಬಡಿದನು. ಗೆಲುವು ಪ್ರಾಸ್ಟನ ಪಾಲಾಯಿತು. ಇದೇ ಸೆನ್ನಾ ೧೯೮೭ರಲ್ಲಿಯೂ, ೧೯೮೯ರಿಂದ ೧೯೯೩ರವರೆಗೆ ಪ್ರತಿ ವರ್ಷವೂ ಇಲ್ಲಿ ಗೆದ್ದು ಒಟ್ಟು ಆರು ಗೆಲುವುಗಳ ದಾಖಲೆ ಸ್ಥಾಪಿಸಿದನು. ಅಂಥವನಿಗೂ ಈ ಬೀದಿ ಒಂದು ಕ್ಷಣದ ಎಚ್ಚರಗೇಡನ್ನು ಕ್ಷಮಿಸಲಿಲ್ಲ.

ಮೊನಾಕೊದವನೇ ಆದ ಷಾರ್ಲ್ ಲೆಕ್ಲೆರ್ ೨೦೨೧ರ ಅರ್ಹತಾ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದನು. ಕೊನೆಯ ಗಳಿಗೆಯಲ್ಲಿ ಈಜುಕೊಳದ ಬಳಿ ಕಾರಿನ ಬಲಗಡೆಯ ಮುಂದಿನ ಚಕ್ರ ಒಳಬದಿಯ ಬೇಲಿಗೆ ತಾಗಿ, ಕಾರು ಎದುರಿನ ಬೇಲಿಗೆ ಅಪ್ಪಳಿಸಿತು. ಮೊದಲ ಸ್ಥಾನವೇನೋ ಅವನಿಗೇ ಉಳಿಯಿತು. ಆದರೆ ಮರುದಿನ ಪಂದ್ಯಕ್ಕೆಂದು ಹೊರಟಾಗ ಎಡಗಡೆಯ ಹಿಂಚಕ್ರಕ್ಕೆ ಶಕ್ತಿಯನ್ನು ಒಯ್ಯುವ ಭಾಗ ಮುರಿದು, ಅವನು ಪಂದ್ಯವನ್ನು ಆರಂಭಿಸಲೂ ಆಗಲಿಲ್ಲ.

ಮುಂದೆ ಹೋಗಲಾಗದ ಓಟ

ಒಂದು ಕಾರು ಇನ್ನೊಂದನ್ನು ಹಿಂದೆ ಹಾಕಬೇಕಾದರೆ ಉದ್ದನೆಯ ನೇರ ದಾರಿ, ಅದರ ಕೊನೆಯಲ್ಲಿ ದೀರ್ಘವಾಗಿ ಬ್ರೇಕು ಹಾಕುವ ತಾಣ, ಎರಡು ಕಾರುಗಳು ಜೊತೆಯಾಗಿ ತಿರುಗುವಷ್ಟು ಅಗಲ ಇವು ಬೇಕು. ಮೊನಾಕೊದಲ್ಲಿ ಈ ಮೂರಕ್ಕೂ ಬರ. ಮೊದಲ ಪಂದ್ಯದಲ್ಲಿ ಹದಿನೈದನೆಯ ಸ್ಥಾನದಿಂದ ಹೊರಟ ಕರಾಚಿಯೋಲನು ಮುನ್ನುಗ್ಗಿ ಓಟದ ನಡುವೆ ಅಗ್ರಸ್ಥಾನವನ್ನೇ ಹಿಡಿದಿದ್ದನು. ಆ ಕಾಲದ ಕಾರುಗಳು ಕಿರಿದಾಗಿದ್ದವು. ೨೦೧೭ರಿಂದ ೨೦೨೫ರವರೆಗೆ ಓಡಿದ ಕಾರುಗಳ ಅಗಲವೇ ಎರಡು ಮೀಟರು. ಉದ್ದ ಐದು ಮೀಟರಿಗೂ ಮಿಕ್ಕದ್ದು. ಕಾರುಗಳು ಬೆಳೆದವು, ಊರಿನ ಗೋಡೆಗಳು ಇದ್ದಲ್ಲಿಯೇ ಉಳಿದವು.

ಇದರ ಫಲವಾಗಿ ಮುಂದಿರುವವನು ತಪ್ಪು ಮಾಡದಿದ್ದರೆ ಹಿಂದಿರುವವನಿಗೆ ದಾರಿಯಿಲ್ಲ. ಸ್ಟರ್ಲಿಂಗ್ ಮಾಸ್ ೧೯೬೧ರಲ್ಲಿ, ಶಕ್ತಿಯಲ್ಲಿ ತನ್ನ ಲೋಟಸ್ ಕಾರನ್ನು ಮೀರಿಸಿದ್ದ ಫೆರಾರಿಗಳನ್ನು ನೂರು ಸುತ್ತುಗಳ ಕೊನೆಗೂ ಹಿಂದೆಯೇ ಉಳಿಸಿ ಗೆದ್ದನು. ೧೯೯೨ರಲ್ಲಿ ನೈಜೆಲ್ ಮ್ಯಾನ್ಸೆಲ್ಲನು ಹೊಸ ಟೈರುಗಳನ್ನು ತೊಡಿಸಿದ ಹೆಚ್ಚು ವೇಗದ ಕಾರಿನಲ್ಲಿ ಕೊನೆಯ ಸುತ್ತುಗಳಲ್ಲಿ ಸೆನ್ನಾನ ಬೆನ್ನು ಹತ್ತಿದನು. ಎಡಕ್ಕೆ, ಬಲಕ್ಕೆ ಎಷ್ಟು ಇಣುಕಿದರೂ ಸಂದು ಸಿಗದೆ, ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಅಂತರದಲ್ಲಿ ಸೋತನು. ನಮ್ಮ ದೇಶದ ಕರುಣ್ ಚಾಂಧೋಕ್ ೨೦೧೦ರಲ್ಲಿ ಇಲ್ಲಿ ಓಡುತ್ತಿದ್ದಾಗ, ರಾಸ್ಕಾಸ್ ಮೂಲೆಯಲ್ಲಿ ಅವನನ್ನು ದಾಟಲು ಯತ್ನಿಸಿದ ಯಾರ್ನೊ ತ್ರುಲ್ಲಿಯ ಕಾರು ಅವನ ಕಾರಿನ ಮೇಲೆಯೇ ಹತ್ತಿಕೊಂಡಿತು. ಪುಣ್ಯವಶಾತ್ ಯಾರಿಗೂ ಗಾಯವಾಗಲಿಲ್ಲ. ೨೦೨೪ರಲ್ಲಿ ಲೆಕ್ಲೆರ್ ಗೆದ್ದಾಗ ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲಿಯೇ ಗುರಿ ಮುಟ್ಟಿದರು. ಫಾರ್ಮುಲಾ ಒನ್ನಿನ ಇತಿಹಾಸದಲ್ಲಿ ಹಿಂದೆಂದೂ ಹೀಗಾಗಿರಲಿಲ್ಲ.

ಹೀಗಿರುವಾಗ ನಿಜವಾದ ಸ್ಪರ್ಧೆ ಹಿಂದಿನ ದಿನದ ಅರ್ಹತಾ ಓಟಕ್ಕೆ ಸರಿದಿದೆ. ಚೀಟಿ ಎತ್ತುವ ಬದಲು ಅಭ್ಯಾಸದಲ್ಲಿ ತೆಗೆದುಕೊಂಡ ಕಾಲವನ್ನು ನೋಡಿ ಚಾಲಕರನ್ನು ಸಾಲಾಗಿ ನಿಲ್ಲಿಸುವ ಕ್ರಮವು ಗ್ರ್ಯಾನ್ ಪ್ರಿ ಪಂದ್ಯಗಳಲ್ಲಿ ಮೊದಲಾದದ್ದು ೧೯೩೩ರಲ್ಲಿ ಇದೇ ಮೊನಾಕೊದಲ್ಲಿ. ಪಂದ್ಯಕ್ಕೆ ಕುತೂಹಲ ತರಲೆಂದು ೨೦೨೫ರಲ್ಲಿ ಪ್ರತಿಯೊಬ್ಬನೂ ಕನಿಷ್ಠ ಮೂರು ಜೊತೆ ಟೈರುಗಳನ್ನು ಬಳಸಬೇಕೆಂಬ ವಿಶೇಷ ನಿಯಮವನ್ನು ಮಾಡಿದರು. ಆಗಲೂ ಮೊದಲ ಸ್ಥಾನದಿಂದ ಹೊರಟ ನಾರಿಸನೇ ಗೆದ್ದನು. ಅದೇ ವಾರ ನಡೆದ ಫಾರ್ಮುಲಾ ಟೂ ಕಿರು ಪಂದ್ಯದಲ್ಲಿ ಬೆಂಗಳೂರಿನ ಕುಶ್ ಮೈನಿ ಮೊದಲ ಸ್ಥಾನದಿಂದ ಹೊರಟು, ಅದನ್ನು ಕೊನೆಯವರೆಗೆ ಕಾಯ್ದುಕೊಂಡು ಗೆದ್ದನು. ಮೊನಾಕೊದಲ್ಲಿ ಫಾರ್ಮುಲಾ ಟೂ ಪಂದ್ಯವನ್ನು ಗೆದ್ದ ಮೊದಲ ಭಾರತೀಯನು ಅವನೇ. ಮುಂದಿರುವವನಿಗೆ ಇಲ್ಲಿ ಅನುಕೂಲವಿರುವುದು ನಿಜ. ಆದರೆ ಬೇಲಿಗಳ ನಡುವೆ ಒಂದೂ ತಪ್ಪಿಲ್ಲದೆ ಕೊನೆಯವರೆಗೆ ಓಡುವ ಹೊಣೆಯೂ ಅವನದೇ.

ಅಪಾಯದ ಬೆಲೆ

ಈ ಬೀದಿಯ ಇತಿಹಾಸದಲ್ಲಿ ನೋವಿನ ಪುಟಗಳೂ ಇವೆ. ೧೯೫೦ರಲ್ಲಿ ಬಂದರಿನ ಅಲೆಯೊಂದು ರಸ್ತೆಯನ್ನು ತೋಯಿಸಿದ್ದರಿಂದ ಮೊದಲ ಸುತ್ತಿನಲ್ಲಿಯೇ ತಬಾಕ್ ಮೂಲೆಯಲ್ಲಿ ಹಲವು ಕಾರುಗಳು ಒಂದರ ಮೇಲೊಂದು ಬಿದ್ದವು. ಮುಂದಿದ್ದ ಹುವಾನ್ ಮಾನ್ವೆಲ್ ಫಾಂಜಿಯೊ ಅದನ್ನು ತಪ್ಪಿಸಿಕೊಂಡು ಗೆದ್ದನು. ೧೯೫೫ರಲ್ಲಿ ಆಲ್ಬರ್ಟೊ ಅಸ್ಕಾರಿಯ ಲಾನ್ಸಿಯ ಕಾರು ಸುರಂಗದ ಆಚೆಯ ಜೋಡಿತಿರುವಿನಲ್ಲಿ ಹುಲ್ಲಿನ ಕಟ್ಟುಗಳನ್ನು ಸೀಳಿಕೊಂಡು ಸಮುದ್ರಕ್ಕೆ ಹಾರಿತು. ಅವನು ಈಜಿ ಬದುಕಿಕೊಂಡನು. ಆದರೆ ನಾಲ್ಕೇ ದಿನಗಳ ಬಳಿಕ ಮೊಂಜಾ ಪಥದಲ್ಲಿ ಕಾರೊಂದನ್ನು ಪರೀಕ್ಷಿಸುತ್ತಿದ್ದಾಗ ಮಡಿದನು.

ಎಲ್ಲಕ್ಕಿಂತ ದಾರುಣವಾದದ್ದು ೧೯೬೭ರ ಘಟನೆ. ಲೊರೆಂಜೊ ಬಾಂದಿನಿಯ ಫೆರಾರಿ ಕಾರು ಅದೇ ಜೋಡಿತಿರುವಿನಲ್ಲಿ ಮಗುಚಿ ಹೊತ್ತಿಕೊಂಡಿತು. ಚಾಲಕರ ರಕ್ಷಣೆಗೆಂದು ಇರಿಸಿದ್ದ ಹುಲ್ಲಿನ ಕಟ್ಟುಗಳೇ ಬೆಂಕಿಗೆ ಮೇವಾದವು. ಬಾಂದಿನಿ ಮೂರು ದಿನಗಳ ಬಳಿಕ ತೀರಿಕೊಂಡನು. ಬಳಲಿಕೆಯೂ ಇದಕ್ಕೊಂದು ಕಾರಣವಿರಬಹುದೆಂದು ಜನ ಶಂಕಿಸಿದರು. ಮರುವರ್ಷ ನೂರು ಸುತ್ತುಗಳನ್ನು ಎಂಬತ್ತಕ್ಕೆ ಇಳಿಸಿದರು. ಹುಲ್ಲಿನ ಕಟ್ಟುಗಳು ಮೂಲೆ ಸೇರಿದವು. ೧೯೬೯ರಿಂದ ಉಕ್ಕಿನ ತಡೆಬೇಲಿ ಕಾಣಿಸಿಕೊಂಡಿತು.

ತಡೆಬೇಲಿಯ ಹಿಂದಿರುವ ತತ್ತ್ವ ಸರಳವಾದದ್ದು. ಚಲಿಸುವ ವಸ್ತುವನ್ನು ನಿಲ್ಲಿಸಲು ಎಷ್ಟು ಹೆಚ್ಚು ಕಾಲ ತೆಗೆದುಕೊಳ್ಳುತ್ತೇವೆಯೋ ಅಷ್ಟು ಕಡಮೆ ಬಲ ಸಾಕು. ಚೆಂಡನ್ನು ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಇದೇ ಕಾರಣಕ್ಕೆ. ಕಲ್ಲಿನ ಗೋಡೆ ಬಗ್ಗುವುದಿಲ್ಲ. ಉಕ್ಕಿನ ಬೇಲಿ ಬಗ್ಗುತ್ತದೆ. ಅದರ ಮುಂದೆ ಜೋಡಿಸಿದ ಟೈರುಗಳ ಸಾಲು ಅಥವಾ ಪ್ಲಾಸ್ಟಿಕ್ಕಿನ ದಪ್ಪನೆಯ ದಿಂಡುಗಳು ಇನ್ನೂ ಹೆಚ್ಚು ಕುಗ್ಗಿ ಕಾರನ್ನು ಮೆಲ್ಲಗೆ ನಿಲ್ಲಿಸುತ್ತವೆ. ೧೯೯೪ರಲ್ಲಿ ಸುರಂಗದ ಆಚೆ ಅಪಘಾತಕ್ಕೀಡಾದ ಕಾರ್ಲ್ ವೆಂಡ್ಲಿಂಗರ್ ಹಲವು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದನು. ೨೦೧೧ರಲ್ಲಿ ಅದೇ ತಾಣದಲ್ಲಿ ಸೆರ್ಗಿಯೊ ಪೆರೆಸನ ಕಾರು ಭೀಕರವಾಗಿ ಅಪ್ಪಳಿಸಿದಾಗ ಕುಗ್ಗುವ ದಿಂಡುಗಳು ಅದನ್ನು ತಡೆದವು. ತಲೆಗೆ ಆದ ಪೆಟ್ಟಿನಿಂದ ಅವನು ಆ ಪಂದ್ಯದಲ್ಲಿ ಓಡಲಾಗಲಿಲ್ಲವಾದರೂ ಚೇತರಿಸಿಕೊಂಡು ಅದೇ ವರ್ಷ ಮತ್ತೆ ಪಂದ್ಯಗಳಿಗೆ ಮರಳಿದನು.

ಇತರ ನಗರಗಳಲ್ಲಿ

ಮೊನಾಕೊದ ಮಾದರಿ ಈಗ ಅನೇಕ ನಗರಗಳಿಗೆ ಹಬ್ಬಿದೆ. ಮಕಾವು ೧೯೫೪ರಿಂದಲೇ ಬೀದಿ ಪಂದ್ಯವನ್ನು ನಡೆಸುತ್ತ ಬಂದಿದೆ. ಫಾರ್ಮುಲಾ ಒನ್ ಪಂದ್ಯಾವಳಿಗೆ ಸಿಂಗಪುರ ೨೦೦೮ರಲ್ಲಿ ಸೇರಿ ಮೊತ್ತಮೊದಲ ರಾತ್ರಿ ಪಂದ್ಯವನ್ನು ನಡೆಸಿತು. ಅನಂತರ ಬಾಕು, ಜೆಡ್ಡಾ, ಲಾಸ್ ವೆಗಸ್ ಬಂದವು. ನಮ್ಮ ದೇಶದಲ್ಲಿ ೨೦೨೩ರ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ಪಂದ್ಯ ನಡೆಯಿತು. ೨೦೨೪ರಲ್ಲಿ ಚೆನ್ನೈಯ ಐಲೆಂಡ್ ಮೈದಾನದ ಸುತ್ತಲಿನ ರಸ್ತೆಗಳಲ್ಲಿ ದೀಪಗಳ ಬೆ‌ಳಕಿನಲ್ಲಿ ಕಾರುಗಳು ಓಡಿದವು. ಜನರು ಇರುವಲ್ಲಿಗೇ ಪಂದ್ಯ ಬರುತ್ತದೆಂಬುದು ಇಂಥ ಪಥಗಳ ಆಕರ್ಷಣೆ. ದಿನಗಟ್ಟಲೆ ದಾರಿ ಮುಚ್ಚುವುದರಿಂದ ಊರಿನವರಿಗಾಗುವ ತೊಂದರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೊನಾಕೊದಲ್ಲಿ ಬೇಲಿ, ಬಲೆ, ಆಸನಗಳನ್ನು ಜೋಡಿಸಲು ಪ್ರತಿ ವರ್ಷವೂ ವಾರಗಟ್ಟಲೆ ಹಿಡಿಯುತ್ತದೆ. ಬಿಚ್ಚಲು ಮತ್ತೆ ಕೆಲವು ವಾರಗಳು.

ಬೀದಿಪಥದಲ್ಲಿ ಕೆಲಸ ಮಾಡುವ ನಿಯಮಗಳು ನಮ್ಮ ಊರಿನ ರಸ್ತೆಗೂ ಅನ್ವಯಿಸುವವೇ ಆಗಿವೆ. ವೇಗ ಇಮ್ಮಡಿಯಾದರೆ ತಿರುವಿನಲ್ಲಿ ಬೇಕಾಗುವ ಹಿಡಿತವೂ, ನಿಲ್ಲಿಸುವಾಗ ಕಳೆಯಬೇಕಾದ ಶಕ್ತಿಯೂ ನಾಲ್ಮಡಿಯಾಗುವುದು ಫೆರಾರಿಗೂ ಬಸ್ಸಿಗೂ ಒಂದೇ. ಒದ್ದೆಯಾದ ಬಿಳಿಯ ಪಟ್ಟೆ ಇಬ್ಬರನ್ನೂ ಜಾರಿಸುತ್ತದೆ. ವ್ಯತ್ಯಾಸವೆಂದರೆ, ಮೊನಾಕೊದ ಚಾಲಕನು ಪ್ರತಿ ತಿರುವನ್ನೂ ನೂರಾರು ಬಾರಿ ಅಭ್ಯಾಸ ಮಾಡಿರುತ್ತಾನೆ. ಅವನ ರಸ್ತೆಯಲ್ಲಿ ಎದುರಿನಿಂದ ವಾಹನ ಬರುವುದಿಲ್ಲ, ಮಕ್ಕಳು ದಾಟುವುದಿಲ್ಲ. ಇಕ್ಕೆಲಗಳಲ್ಲಿ ಅವನನ್ನು ಹಿಡಿಯಲು ಬೇಲಿ, ಬಳಿಯಲ್ಲಿಯೇ ವೈದ್ಯರು ಇರುತ್ತಾರೆ. ಇಷ್ಟೆಲ್ಲ ಇದ್ದೂ ಸೆನ್ನಾನಂಥವನು ಒಂದು ಕ್ಷಣ ಮೈಮರೆತು ಗೋಡೆಗೆ ಬಡಿದನು. ಪಂದ್ಯ ಮುಗಿದು ಬೇಲಿಗಳು ಕಳಚಿದ ಮೇಲೆ ಆ ಬೀದಿಗಳಲ್ಲಿ ಮತ್ತೆ ಬಸ್ಸುಗಳು ಸಾಗುತ್ತವೆ, ಹೇರ್‌ಪಿನ್ನಿನಲ್ಲಿ ಎಲ್ಲರೂ ಸಾವಧಾನವಾಗಿ ತಿರುಗುತ್ತಾರೆ. ರಸ್ತೆಯೂ ಅದೇ, ನಿಯಮಗಳೂ ಅವೇ.